ಮದ್ದು ಹೊತ್ತ ನೂಲು

ಈ ಸಲ ಬಂದ ಕಾಗದಗಳಲ್ಲಿ ಎಚ್.ಕ್ರಾಸ್‌ನ ಹೆಣ್ಣುಮಗಳೊಬ್ಬಳದು ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಹೆಚ್ಚಿನ ಜಾಗ ಅದಕ್ಕೇ ಕೊಟ್ಟಿದ್ದೇನೆ. ಅದರ ಸುತ್ತಮುತ್ತಲಿನ ಇನ್ನು ನಾಲ್ಕು ಪ್ರಶ್ನೆಗಳನ್ನು ಜೊತೆಗೆ ಆರಿಸಿಕೊಂಡೆ. ಶುಗರ್ ಇದ್ದವರ ಊಟದ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

ನಮಸ್ಕಾರ ಮೇಡಂ. ನಮ್ಮತ್ತೆಗೆ 62 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಇದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಗಾಯವಾಗಿ ಎರಡು ತಿಂಗಳಾಯಿತು. ನೋವಿಲ್ಲ ಅಂತ ಓಡಾಡಿಕೊಂಡೇ ಇದ್ದಾರೆ. ದಿನಾ ಬೆಳಿಗ್ಗೆ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿ ಬಟ್ಟೆ ಕಟ್ಟುತ್ತೇವೆ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ, 'ನ್ಯಾನೋಫೈಬರ್ ಪಟ್ಟಿ ಅಂತ ಇದೆ, ನೂಲಿನೊಳಗೇ ಆಂಟಿಬಯೋಟಿಕ್ ಇರುತ್ತೆ, ನಮ್ಮ ತೋಟದ ಡ್ರಿಪ್ ಥರ ಸ್ವಲ್ಪ ಸ್ವಲ್ಪವೇ ಬಿಡುತ್ತೆ' ಅನ್ನುತ್ತಾನೆ. ಏನದು? ಎಲ್ಲಿ ಸಿಗುತ್ತೆ? ಸಿಗುವ ತನಕ ಪುಡಿ ಹಾಕುತ್ತಿರಬಹುದಾ?
— ಓದುಗರು, ಎಚ್.ಕ್ರಾಸ್

ಕೊನೆಯ ಪ್ರಶ್ನೆಗೆ ಮೊದಲ ಉತ್ತರ ತಾಯಿ: ಪುಡಿ ಇವತ್ತೇ ನಿಲ್ಲಿಸಿ. ಅತ್ತೆಯವರನ್ನು ಈ ವಾರದೊಳಗೆ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಕಾಲು ಕಪ್ಪಾಗಿದ್ದರೆ, ವಾಸನೆ ಬರುತ್ತಿದ್ದರೆ, ಜ್ವರವಿದ್ದರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ ವಾರವೂ ಬೇಡ, ಇದನ್ನು ಓದಿ ಮುಗಿಸದೆ ಎದ್ದು ಹೊರಡಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ರೀಲರ್ ಮನೆಯಲ್ಲಿ ಹುಟ್ಟಿದವಳು. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ಮನೆಯ ಹಿಂದೆ ನಾಲ್ಕು ಬೇಸಿನ್. ಗೂಡು ಬೇಯುವ ವಾಸನೆಯಲ್ಲೇ ಪಾಠ ಓದಿದ್ದು. ಒಂದು ದಿನ ಬೇಸಿನ್ನಿನ ಕುದಿನೀರು ಅಪ್ಪನ ಪಾದದ ಮೇಲೆ ಚೆಲ್ಲಿತು. ಅವರಿಗೂ ಶುಗರ್ ಇತ್ತು, ಅವರಿಗೂ ನೋವು ಗೊತ್ತಾಗುತ್ತಿರಲಿಲ್ಲ. ಅಮ್ಮ ದಿನಕ್ಕೊಂದು ಕ್ಯಾಪ್ಸೂಲ್ ಬಿಚ್ಚಿ, ಕುಂಕುಮ ಇಡುವಷ್ಟು ಜತನದಿಂದ ಗಾಯದ ಮೇಲೆ ಉದುರಿಸುತ್ತಿದ್ದಳು. ಮೇಲೆ ಹಳದಿ ಹೊಪ್ಪಳೆ ಕಟ್ಟಿ, ಒಣಗುತ್ತಿದೆ ಅಂತ ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಕೆಳಗೆ ಕೀವು ಮೂಳೆ ಮುಟ್ಟಿತ್ತು. ಅಪ್ಪ ಎರಡು ಬೆರಳು ಕಳೆದುಕೊಂಡರು. ನಾನಾಗ ಫಾರ್ಮಸಿ ಎರಡನೇ ವರ್ಷ. ಆಮೇಲೆ ಮೂವತ್ತು ವರ್ಷ ಔಷಧ ತಯಾರಿಕೆಯ ಪಾಠ ಹೇಳಿದೆ. ಮದ್ದು ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ಗಾಯದಲ್ಲಿ ಉಳಿಯುತ್ತದೆ ಎಂಬ ಒಂದೇ ಪ್ರಶ್ನೆಗೆ ನಾನು ಮತ್ತೆ ಮತ್ತೆ ಮರಳಿದ್ದು ಆ ಹೊಪ್ಪಳೆಯಿಂದಾಗಿಯೇ.

ಪುಡಿ ಹಾಕಿದಾಗ ಏನಾಗುತ್ತದೆ ನೋಡಿ. ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಮದ್ದು, ಜೊತೆಗೆ ಹೊಟ್ಟೆಗೆ ಹೋಗಲೆಂದು ಬೆರೆಸಿದ ಬೇರೆ ಪುಡಿಗಳು. ಗಾಯಕ್ಕೆ ಹಾಕುವ ವಸ್ತು ಇರಬೇಕಾದಷ್ಟು ಕ್ರಿಮಿರಹಿತವಾಗಿ ಅದನ್ನು ತಯಾರಿಸಿರುವುದಿಲ್ಲ. ಗಾಯದ ನೀರಿಗೆ ಬಿದ್ದ ಮದ್ದು ಕೆಲವೇ ಗಂಟೆಯಲ್ಲಿ ಕರಗಿ, ಸ್ವಲ್ಪ ಒಳಗೆ ಇಳಿದು, ಬಹುಪಾಲು ಪಟ್ಟಿಯ ಬಟ್ಟೆಗೆ ಹೀರಿಹೋಗುತ್ತದೆ. ಬೆಳಿಗ್ಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಸಂಜೆಗೆ ಸಾಲದಷ್ಟು, ರಾತ್ರಿಗೆ ಹೆಸರಿಗೆ ಮಾತ್ರ. ಈ 'ಹೆಸರಿಗೆ ಮಾತ್ರ' ಇರುವ ಹೊತ್ತೇ ಕೆಟ್ಟದ್ದು. ರೋಗಾಣುವನ್ನು ತಡೆಯಲು ಒಂದು ಕನಿಷ್ಠ ಪ್ರಮಾಣ ಬೇಕು. ಅದಕ್ಕಿಂತ ಕಡಿಮೆ ಮದ್ದು ಸಿಕ್ಕಿದಾಗ ದುರ್ಬಲವಾದವು ಸಾಯುತ್ತವೆ, ತಡೆದುಕೊಳ್ಳಬಲ್ಲವು ಉಳಿದು ಮನೆಮಾಡುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದು ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಸಾಯಿಸಲು ಸಾಲದಷ್ಟು ಪೆನಿಸಿಲಿನ್ ಕೊಡುತ್ತಾ ಹೋದರೆ ರೋಗಾಣುವಿಗೆ ಅದನ್ನು ತಡೆದುಕೊಳ್ಳುವುದನ್ನು ನಾವೇ ಕಲಿಸಿದಂತೆ ಎನ್ನುವುದು ಅವರ ಮಾತಿನ ಸಾರ. 2019ರಲ್ಲಿ ಇಡೀ ಲೋಕದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ.

ಈಗ ನಿಮ್ಮ ಮಗ ಹೇಳಿದ ಪಟ್ಟಿಗೆ ಬರೋಣ. ಅವನಿಗೆ ನನ್ನ ಶಹಬ್ಬಾಸ್ ಹೇಳಿ, ಹುಡುಗ ಸರಿಯಾದ ಕಡೆ ನೋಡುತ್ತಿದ್ದಾನೆ.

ರೇಷ್ಮೆಹುಳು ನೂಲು ಮಾಡುವುದನ್ನು ನೀವು ಚಂದ್ರಿಕೆಯಲ್ಲಿ, ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರ ತಟ್ಟೆಯಲ್ಲಿ, ನೋಡಿರುತ್ತೀರಿ. ಹುಳುವಿನ ಹೊಟ್ಟೆಯಲ್ಲಿ ಇರುವುದು ಅಂಟು ದ್ರವ. ತಲೆ ಆಡಿಸಿ ಎಳೆದಾಗ ಅದು ಎಳೆಯಾಗುತ್ತದೆ. ನ್ಯಾನೋಫೈಬರ್ ಮಾಡುವ ಯಂತ್ರದಲ್ಲಿ ಆ ಎಳೆಯುವ ಕೆಲಸ ವಿದ್ಯುತ್ತಿನದು. ಪಾಲಿಮರನ್ನು (ಉದ್ದ ಸರಪಣಿಯಂಥ ಅಣುಗಳ, ಪ್ಲಾಸ್ಟಿಕ್ಕಿನ ಜಾತಿಯ ವಸ್ತು) ದ್ರಾವಕದಲ್ಲಿ ಕರಗಿಸಿ, ಆಂಟಿಬಯೋಟಿಕ್ ಬೆರೆಸಿ ಸಿರಿಂಜಿಗೆ ತುಂಬುತ್ತಾರೆ. ಸೂಜಿಯಿಂದ ಗಂಟೆಗೆ ಹೆಚ್ಚೆಂದರೆ ಒಂದೆರಡು ಮಿಲಿಲೀಟರ್‌ನಂತೆ ನಿಧಾನವಾಗಿ ಹೊರಬಿಡುತ್ತಾರೆ. ಸೂಜಿಗೂ ಸುಮಾರು 15 ಸೆಂಟಿಮೀಟರ್ ಆಚೆಯ ತಗಡಿಗೂ ನಡುವೆ 10ರಿಂದ 30 ಸಾವಿರ ವೋಲ್ಟ್. ನಮ್ಮ ಮನೆಯ ಕರೆಂಟು 230 ವೋಲ್ಟ್ ಎಂಬುದನ್ನು ನೆನೆಸಿಕೊಳ್ಳಿ. ಸೂಜಿಯ ತುದಿಯ ಹನಿ ಉಬ್ಬಿ, ಆಲಿಕೆ ಕವುಚಿದಂತೆ ಚೂಪಾಗುತ್ತದೆ. ಅದರ ಗಣಿತವನ್ನು 1964ರಲ್ಲಿ ಬಿಡಿಸಿದ ಜೆಫ್ರಿ ಟೇಲರ್ ಹೆಸರಿನಿಂದ ಅದಕ್ಕೆ ಟೇಲರ್ ಶಂಕು ಎನ್ನುತ್ತಾರೆ. ಆ ಚೂಪಿನಿಂದ ಹಾರಿದ ಎಳೆ ಚಾಟಿ ಬೀಸಿದಂತೆ ಸುರುಳಿ ಸುತ್ತುತ್ತಾ ತೆಳುವಾಗುತ್ತದೆ, ದ್ರಾವಕ ಗಾಳಿಯಲ್ಲೇ ಆರುತ್ತದೆ, ತಗಡಿನ ಮೇಲೆ ಬಿಳಿ ಹೊದಿಕೆ ಕೂರುತ್ತದೆ. ಗೂಡಿನ ಒಂಟಿ ಎಳೆ ಸುಮಾರು 20 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಯಂತ್ರದ ಈ ಎಳೆ ಅರ್ಧ ಮೈಕ್ರಾನ್ ಇದ್ದರೆ ನಲವತ್ತು ಪಟ್ಟು ತೆಳು. ಮೊದಲ ಸಲ ಆ ಹೊದಿಕೆಯನ್ನು ಬೆರಳಲ್ಲಿ ಮುಟ್ಟಿದಾಗ ನನಗೆ ಅಪ್ಪನ ಬೇಸಿನ್ ನೆನಪಾಯಿತು. ಅವರು ಗೂಡನ್ನು ಬಿಚ್ಚಿ ಎಳೆ ಮಾಡುತ್ತಿದ್ದರು, ಇಲ್ಲಿ ಎಳೆಯಿಂದ ಗೂಡು ಕಟ್ಟುತ್ತಿದ್ದಾರೆ ಅನ್ನಿಸಿತು.

ಇದು ಹೊಸ ಕಸುಬಲ್ಲ. ಆಂಟನ್ ಫಾರ್ಮ್‌ಹಾಲ್ಸ್ 1934ರಲ್ಲೇ ಇದರ ಪೇಟೆಂಟ್ ಪಡೆದಿದ್ದರು. ಆಂಟಿಬಯೋಟಿಕ್ ಸೇರಿಸಿ ನೋಡಿದ್ದು ತಡವಾಗಿ. 2002ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಕೆನಾವಿ ಮತ್ತು ಜೊತೆಗಾರರು ಟೆಟ್ರಾಸೈಕ್ಲಿನ್ ತುಂಬಿದ ಎಳೆಗಳಿಂದ ಸುಮಾರು ಐದು ದಿನ ಮದ್ದು ಹೊರಬರುವುದನ್ನು ಅಳೆದು ತೋರಿಸಿದರು.

ಶುಗರ್ ಗಾಯಕ್ಕೆ ಇದರ ಮೇಲೆ ಇಷ್ಟು ಆಸೆ ಯಾಕೆಂದರೆ, ಆ ಕಾಲಿನಲ್ಲಿ ರಕ್ತನಾಳಗಳು ಕಿರಿದಾಗಿರುವುದುಂಟು. ಮಾತ್ರೆ ನುಂಗಿದರೆ ಮದ್ದು ಇಡೀ ಮೈ ಸುತ್ತಿಯೂ ಗಾಯಕ್ಕೆ ಬೇಕಾದಷ್ಟು ತಲುಪದೇ ಹೋಗಬಹುದು. ಚುಚ್ಚುಮದ್ದಿನಲ್ಲಿ ಹೆಚ್ಚು ಕೊಡೋಣವೆಂದರೆ ಜೆಂಟಾಮೈಸಿನ್‌ನಂಥ ಮದ್ದು ಮೂತ್ರಪಿಂಡ ಮತ್ತು ಕಿವಿಗೆ ಕೆಡುಕು. ಹಳೆಯ ಗಾಯದ ರೋಗಾಣುಗಳು ಕೆರೆ ಮೆಟ್ಟಿಲ ಪಾಚಿಯಂತೆ ಜಿಗುಟು ಪದರ ಕಟ್ಟಿಕೊಂಡು ಕೂತಿರುತ್ತವೆ. ಅದನ್ನು ಭೇದಿಸಲು ನೂರಾರು ಪಟ್ಟು ಹೆಚ್ಚು ಮದ್ದು ಬೇಕಾಗಬಹುದು. ಅಷ್ಟನ್ನು ರಕ್ತದಲ್ಲಿ ಇಡಲಾಗದು, ಗಾಯದಲ್ಲಿ ಇಡಬಹುದು.

ಆದರೆ ಕಷ್ಟವಿರುವುದು 'ಸ್ವಲ್ಪ ಸ್ವಲ್ಪವೇ' ಎಂಬಲ್ಲಿ. ನಂದಿ ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ತಿಂದಿರುತ್ತೀರಿ. ಒಂದು ಚಮಚ ಸಕ್ಕರೆಯೇ ಅದು. ಕಲ್ಲುಸಕ್ಕರೆಯಾಗಿದ್ದರೆ ಬಾಯಲ್ಲಿ ಬಹಳ ಹೊತ್ತು ಇರುತ್ತಿತ್ತು. ಎಳೆಯಾಗಿರುವುದರಿಂದ ನಾಲಿಗೆಗೆ ಸೋಕಿದೊಡನೆ ಕರಗಿ ಮಾಯ. ಎಳೆ ತೆಳುವಾದಷ್ಟೂ ನೀರಿಗೆ ತೆರೆದುಕೊಳ್ಳುವ ಮೈ ಜಾಸ್ತಿ. ಅದರ ಮೇಲೆ ನೀರಿನಲ್ಲಿ ಕರಗುವ ಆಂಟಿಬಯೋಟಿಕ್‌ಗೂ ನೀರಿಗೆ ಒಗ್ಗದ ಪಾಲಿಮರಿಗೂ ಹೊಂದಾಣಿಕೆ ಇಲ್ಲ. ದ್ರಾವಕ ಆರುವಾಗ ಮದ್ದು ಎಳೆಯ ಹೊರಮೈಗೆ ಬಂದು ಕೂತುಬಿಡುತ್ತದೆ. ಗಾಯ ಮುಟ್ಟಿದ ಮೊದಲ ಕೆಲವು ಗಂಟೆಯಲ್ಲೇ ಬಹುಪಾಲು ಮದ್ದು ಒಮ್ಮೆಗೇ ಬಿಡುಗಡೆ. ಆಮೇಲೆ ದಿನಗಟ್ಟಲೆ ಸೋರಿಕೆ. ಅಂದರೆ ಎಚ್ಚರದಿಂದ ಮಾಡದಿದ್ದರೆ ನ್ಯಾನೋಫೈಬರ್ ಕೂಡ ನಿಮ್ಮ ಪುಡಿಯ ಹಾಗೆಯೇ ನಡೆದುಕೊಳ್ಳುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಹೋಳಿಗೆಯಂಥ ಎಳೆ. ಸೂಜಿಯೊಳಗೊಂದು ಸೂಜಿ ಇಟ್ಟು, ಒಳಗಿನದರಲ್ಲಿ ಮದ್ದು, ಹೊರಗಿನದರಲ್ಲಿ ಪಾಲಿಮರ್ ಹರಿಸುತ್ತಾರೆ. ಹೂರಣ ಒಳಗೆ, ಕಣಕ ಹೊರಗೆ. ಕಣಕ ಎಷ್ಟು ದಪ್ಪ ಎಂಬುದರ ಮೇಲೆ ಹೂರಣ ಹೊರಬರುವ ವೇಗ. ಇನ್ನೊಂದು ದಾರಿ ಪಾಲಿಮರಿನ ಆಯ್ಕೆ. ಪಿಎಲ್‌ಜಿಎ ಎಂಬ ಪಾಲಿಮರ್ ಅದರಲ್ಲಿನ ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳ ಪಾಲಿಗೆ ತಕ್ಕಂತೆ ವಾರಗಳಿಂದ ತಿಂಗಳುಗಳಲ್ಲಿ ನೀರಿಗೆ ಒಡೆದುಹೋಗುತ್ತದೆ. ಪಾಲಿಕ್ಯಾಪ್ರೋಲ್ಯಾಕ್ಟೋನ್ ಎಂಬ ಇನ್ನೊಂದು ಪಾಲಿಮರ್ ಪೂರ್ತಿ ಒಡೆದುಹೋಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಎರಡನ್ನೂ ಬೆರೆಸಿ ನಡುವಿನ ವೇಗ ಹುಡುಕುವವರಿದ್ದಾರೆ. ಮೊದಲ ದಿನ ಒಂದಷ್ಟು ಮದ್ದು ಒಮ್ಮೆಗೇ ಬರುವುದು ಪೂರಾ ಕೆಟ್ಟದ್ದೂ ಅಲ್ಲ. ಆಗಲೇ ರೋಗಾಣು ಹೆಚ್ಚಿರುವುದು. ಒಂದು ಜೋರು ಏಟು, ಆಮೇಲೆ ಕನಿಷ್ಠ ಪ್ರಮಾಣಕ್ಕಿಂತ ಮೇಲೆಯೇ ಕೆಲವು ದಿನ, ಆಮೇಲೆ ಪೂರ್ತಿ ನಿಲ್ಲುವುದು. ನನ್ನ ಪ್ರಕಾರ ಈ ಮೂರನೆಯದೇ ಅತ್ಯಂತ ಕಷ್ಟದ್ದು, ಮತ್ತು ಜನ ಕಡಿಮೆ ಗಮನ ಕೊಟ್ಟಿರುವುದೂ ಅದಕ್ಕೇ. ನಿಮ್ಮ ಮಗನ ಡ್ರಿಪ್ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಡ್ರಿಪ್ಪಿಗೆ ವಾಲ್ವ್ ಇದೆ, ಸಾಕೆನಿಸಿದಾಗ ತಿರುಗಿಸಿ ನಿಲ್ಲಿಸುತ್ತೀರಿ. ಎಳೆಗೆ ವಾಲ್ವ್ ಇಲ್ಲ. ಅದು ಯಾವಾಗ ನಿಲ್ಲಬೇಕು ಎಂಬುದನ್ನು ತಯಾರಿಸುವ ದಿನವೇ ಅದರೊಳಗೆ ಕಟ್ಟಿರಬೇಕು. ಅಥವಾ ಸೋರಿಕೆ ಶುರುವಾಗುವ ಮುಂಚೆಯೇ ಪಟ್ಟಿ ಬಿಚ್ಚಿ ಎಸೆಯಬೇಕು.

ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಇದರ ಪಾಠ ಆಗಲೇ ಆಗಿದೆ. 1970ರಲ್ಲಿ ಜರ್ಮನಿಯ ಬುಕ್‌ಹೋಲ್ಜ್ ಕೃತಕ ಕೀಲು ಕೂರಿಸುವ ಸಿಮೆಂಟಿನಲ್ಲಿ ಜೆಂಟಾಮೈಸಿನ್ ಬೆರೆಸಿದರು. ಅದು ಇವತ್ತಿಗೂ ಬಳಕೆಯಲ್ಲಿದೆ, ಎಷ್ಟೋ ಕೀಲುಗಳನ್ನು ಉಳಿಸಿದೆ. ಆದರೆ ಆ ಸಿಮೆಂಟು ಮೊದಲ ದಿನಗಳಲ್ಲಿ ಒಂದು ಸಣ್ಣ ಪಾಲು ಬಿಟ್ಟು, ಉಳಿದದ್ದನ್ನು ಒಳಗೇ ಹಿಡಿದುಕೊಂಡು ಬಹುಕಾಲ ಹನಿ ಹನಿ ಸೋರುತ್ತದೆ. ಹಾಗೆ ಸೋರುವಲ್ಲಿ ಜೆಂಟಾಮೈಸಿನ್‌ಗೆ ಬಗ್ಗದ ರೋಗಾಣುಗಳು ಕಾಣಿಸಿಕೊಂಡದ್ದುಂಟು.

ಎಲ್ಲಿ ಸಿಗುತ್ತದೆ ಎಂದಿರಿ. ಆಂಟಿಬಯೋಟಿಕ್ ತುಂಬಿದ ನ್ಯಾನೋಫೈಬರ್ ಪಟ್ಟಿ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಕೇಳಿ ಕೊಳ್ಳುವ ಮಾಲಾಗಿ ಬಂದಿಲ್ಲ ತಾಯಿ. ಹೆಚ್ಚಿನ ಕೆಲಸ ಪ್ರಯೋಗಾಲಯದಲ್ಲೇ ಇದೆ. ಕಾರಣಗಳು ಬಹಳ ಮಾಮೂಲಿಯವು. ಆಟೋಕ್ಲೇವಿನ (ಒತ್ತಡದ ಹಬೆಯಲ್ಲಿ ಬೇಯಿಸುವ ಯಂತ್ರದ) 121 ಡಿಗ್ರಿಯಲ್ಲಿ ಕ್ರಿಮಿಶುದ್ಧಿ ಮಾಡೋಣವೆಂದರೆ ಪಾಲಿಕ್ಯಾಪ್ರೋಲ್ಯಾಕ್ಟೋನ್ 60 ಡಿಗ್ರಿಗೇ ಕರಗಿ ಮುದ್ದೆಯಾಗುತ್ತದೆ. ಗಾಮಾ ಕಿರಣ ಹಾಯಿಸಿದರೆ ಪಾಲಿಮರಿನ ಸರಪಣಿ ತುಂಡಾಗಿ ಮದ್ದು ಬಿಡುವ ವೇಗವೇ ಬದಲಾಗಬಹುದು. ಒಂದು ಸೂಜಿಯಿಂದ ದಿನವಿಡೀ ತೆಗೆದರೂ ಸಿಗುವುದು ಕೆಲವೇ ಗ್ರಾಂ. ಗಾಳಿಯ ತೇವ ಏರಿಳಿದರೆ ಎಳೆಯ ದಪ್ಪ ಏರುಪೇರು.

ಈ ಪಟ್ಟಿ ನಾಳೆಯೇ ಸಿಕ್ಕರೂ ಅತ್ತೆಯವರಿಗೆ ಮೊದಲು ಬೇಕಾದ್ದು ಅದಲ್ಲ. ಶುಗರ್ ಕಾಲಿನ ಗಾಯದಲ್ಲಿ ಸೋಂಕು ಇಲ್ಲದಿದ್ದರೆ ಆಂಟಿಬಯೋಟಿಕ್ ಹೊಟ್ಟೆಗೂ ಬೇಡ, ಗಾಯಕ್ಕೂ ಬೇಡ ಎನ್ನುವುದೇ ಅಂತರರಾಷ್ಟ್ರೀಯ ತಜ್ಞರ ಸಲಹೆ. ಸೋಂಕಿದ್ದರೆ ಕೊಳೆತದ್ದನ್ನು ಕೆರೆದು ತೆಗೆಯಬೇಕು, ಸರಿಯಾದ ಮದ್ದನ್ನು ಸರಿಯಾದಷ್ಟು ದಿನ ಒಳಗೆ ಕೊಡಬೇಕು. ಮೂಳೆ ಮುಟ್ಟಿದೆಯೇ ಎಂದು ಎಕ್ಸ್‌ರೇ ಬೇಕು. ಕಾಲಿಗೆ ರಕ್ತ ಹೋಗುತ್ತಿದೆಯೇ ಎಂದು ನಾಡಿ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಆ ಜಾಗದ ಮೇಲೆ ಭಾರ ಬೀಳಬಾರದು. ನೋವಿಲ್ಲ ಅಂತ ಓಡಾಡುತ್ತಿದ್ದಾರೆ ಎಂದು ಬರೆದಿದ್ದೀರಲ್ಲ, ನನ್ನ ನಿದ್ದೆ ಕೆಡಿಸಿದ್ದು ಆ ಒಂದು ಸಾಲು. ನೋವು ಗೊತ್ತಾಗದಿರುವುದೇ ಕಾಯಿಲೆ. ಇಟ್ಟ ಪ್ರತಿ ಹೆಜ್ಜೆಯೂ ಗಾಯವನ್ನು ಮತ್ತೆ ಒಡೆಯುತ್ತದೆ. ಭಾರ ತಪ್ಪಿಸುವ ಚಪ್ಪಲಿ ಅಥವಾ ಕಟ್ಟು ಹಾಕಿಕೊಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಏನು ಹೇಳಿದರೆಂದು ನನಗೊಂದು ಸಾಲು ಬರೆಯಿರಿ.

ಮೇಡಂ, ನಾನು ಎಂ.ಎಸ್ಸಿ. ಕೊನೆಯ ವರ್ಷ. ನನ್ನ ಪ್ರಾಜೆಕ್ಟ್ ಟೆಟ್ರಾಸೈಕ್ಲಿನ್ ಸೇರಿಸಿದ ಪಾಲಿಕ್ಯಾಪ್ರೋಲ್ಯಾಕ್ಟೋನ್ ನ್ಯಾನೋಫೈಬರ್. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಮೇಲೆ ಚೂರು ಇಟ್ಟರೆ ಸುತ್ತ 24 ಮಿಲಿಮೀಟರ್ ಖಾಲಿ ವೃತ್ತ ಬಂತು. ಗೆಳತಿಯದು 30 ಬಂತು. ಅವಳದೇ ಒಳ್ಳೆಯದಾ? ನೀರಿನಲ್ಲಿ ಅಳೆದಾಗ ಮೊದಲ ದಿನ ನನ್ನದರಿಂದ ಶೇ 80 ಹೊರಬಂತು, ಆಮೇಲೆ ಗ್ರಾಫ್ ಕೆಳಗಿಳಿಯಿತು. ಏನು ತಪ್ಪಾಗಿರಬಹುದು?
— ವಿದ್ಯಾರ್ಥಿನಿ, ಚಿಂತಾಮಣಿ

ಮಗಳೇ, ವೃತ್ತ ದೊಡ್ಡದಾದರೆ ಪಟ್ಟಿ ಒಳ್ಳೆಯದು ಅಂತಲ್ಲ. ಆ ವೃತ್ತ ಮೂಡುವುದು ಮೊದಲ ಕೆಲವು ಗಂಟೆಯಲ್ಲಿ ಹೊರಬಂದ ಮದ್ದಿನಿಂದ. ಗೆಳತಿಯ ಪಟ್ಟಿ ಎಲ್ಲವನ್ನೂ ಒಮ್ಮೆಗೇ ಕಕ್ಕಿದ್ದರೂ 30 ಬರುತ್ತದೆ. ಅದೇ ಚೂರನ್ನು ಮರುದಿನ ಚಿಮಟದಲ್ಲಿ ಎತ್ತಿ ಹೊಸ ತಟ್ಟೆಗೆ ಇಡು. ಅದರ ಮರುದಿನ ಇನ್ನೊಂದಕ್ಕೆ. ಏಳು ದಿನ ಹೀಗೆ ಮಾಡಿದರೆ ಇಬ್ಬರದರಲ್ಲಿ ಯಾರದು ಎಷ್ಟು ದಿನ ದುಡಿಯುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಮದ್ದಿಲ್ಲದ ಖಾಲಿ ಎಳೆಯ ಚೂರನ್ನೂ ಪಕ್ಕದಲ್ಲಿ ಇಡಲೇಬೇಕು. ಎಳೆಯಲ್ಲಿ ಉಳಿದ ಕ್ಲೋರೋಫಾರ್ಮ್‌ನಂಥ ದ್ರಾವಕವೇ ಬ್ಯಾಕ್ಟೀರಿಯಾ ಕೊಂದು, ಮದ್ದು ಕೊಂದಿತೆಂದು ಬರೆದುಕೊಂಡವರನ್ನು ನೋಡಿದ್ದೇನೆ.

ಶೇ 80 ಎಂದೆಯಲ್ಲ, ಯಾವುದರ ಶೇ 80? ದ್ರಾವಣಕ್ಕೆ ನೀನು ಹಾಕಿದ್ದರದೋ, ಎಳೆಯಲ್ಲಿ ನಿಜವಾಗಿ ಉಳಿದದ್ದರದೋ? ಒಂದು ಚೂರನ್ನು ಪೂರ್ತಿ ಕರಗಿಸಿ ಒಳಗೆಷ್ಟಿದೆ ಎಂದು ಮೊದಲು ಅಳೆ. ಆಮೇಲೆ ಶೇಕಡಾ ಬಿಟ್ಟು ಮೈಕ್ರೋಗ್ರಾಂನಲ್ಲಿ ಬರೆ. ರೋಗಾಣುವಿಗೆ ಶೇಕಡಾ ಲೆಕ್ಕ ತಿಳಿಯದು, ಅದಕ್ಕೆ ತಾಗುವುದು ಸುತ್ತಲಿನ ಪ್ರಮಾಣ.

ಗ್ರಾಫ್ ಕೆಳಗಿಳಿದದ್ದಕ್ಕೆ ಗಾಬರಿ ಬೇಡ. ಒಮ್ಮೆ ಹೊರಬಂದ ಮದ್ದು ಎಳೆಯೊಳಗೆ ವಾಪಸು ಹೋಗಿರಲಿಕ್ಕಿಲ್ಲ. ಟೆಟ್ರಾಸೈಕ್ಲಿನ್ ನೀರಿನಲ್ಲಿ, ಅದೂ 37 ಡಿಗ್ರಿ ಶಾಖದಲ್ಲಿ, ಬೆಳಕು ಬಿದ್ದರಂತೂ ಇನ್ನೂ ಬೇಗ ಕೆಡುತ್ತದೆ. ಸೀಸೆಗೆ ಕಪ್ಪು ಕಾಗದ ಸುತ್ತು. ಬರೀ ಮದ್ದಿನ ದ್ರಾವಣವನ್ನೂ ಅದೇ ಶಾಖದಲ್ಲಿ ಅಷ್ಟೇ ದಿನ ಇಟ್ಟು ಎಷ್ಟು ಕೆಟ್ಟಿತು ಎಂದು ನೋಡು. ಮಾದರಿ ತೆಗೆದಾಗಲೆಲ್ಲ ಅಷ್ಟೇ ಹೊಸ ದ್ರಾವಣ ಸೇರಿಸಿದ್ದರೆ, ತೆಗೆದುಹಾಕಿದ ಮದ್ದನ್ನು ಲೆಕ್ಕಕ್ಕೆ ಸೇರಿಸಿದೆಯಾ ಎಂದೂ ನೋಡಿಕೋ. ಎಷ್ಟೋ ಸಲ ಗ್ರಾಫ್ ಬೀಳುವುದು ಅಲ್ಲೇ.

ಇನ್ನೊಂದು ಮಾತು. 50 ಮಿಲಿಲೀಟರ್ ಬೀಕರಿನಲ್ಲಿ ಅಳೆಯುತ್ತಿದ್ದೀಯಾ? ಗಾಯದಲ್ಲಿ ಅಷ್ಟು ನೀರೆಲ್ಲಿದೆ? ಪಟ್ಟಿಯ ಕೆಳಗೆ ಇರುವುದು ತೆಳು ಪದರ. ಅದು ಗಟ್ಟಿ, ಪ್ರೋಟೀನ್ ತುಂಬಿದ್ದು. ಹಳೆಯ ಗಾಯದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಕೂಡ 7.4ರಲ್ಲಿ ನಿಲ್ಲದೆ ಎಷ್ಟೋ ಸಲ ಕ್ಷಾರದ ಕಡೆಗೆ ವಾಲಿರುತ್ತದೆ. ಒದ್ದೆ ಸ್ಪಂಜಿನ ಮೇಲೋ ಅಗರ್ ಜೆಲ್ಲಿಯ ಮೇಲೋ ಚೂರು ಇಟ್ಟು ಒಂದು ಸಲ ಅಳೆದು ನೋಡು. ನಿನ್ನ ಶೇ 80 ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ನಿನ್ನ ಪ್ರಾಜೆಕ್ಟಿನ ಒಳ್ಳೆಯ ಅಧ್ಯಾಯವಾಗಬಹುದು.

ಕೆಚ್ಚಲು ಬಾವು ಬಂದ ಹಸುವಿಗೆ ಡಾಕ್ಟರು ಟ್ಯೂಬ್ ಏರಿಸಿದರು. ಎರಡು ದಿನ ಬಿಟ್ಟು ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಆಗಲಿಲ್ಲ. ದೃಷ್ಟಿ ಅನ್ನುತ್ತಾರೆ ಮನೆಯಲ್ಲಿ.
— ಹೈನುಗಾರರು, ಶ್ರೀನಿವಾಸಪುರ

ದೃಷ್ಟಿಯಲ್ಲ ಅಣ್ಣ, ಆಂಟಿಬಯೋಟಿಕ್. ಹೆಪ್ಪಿನಲ್ಲಿ ಇರುವುದೂ ಬ್ಯಾಕ್ಟೀರಿಯಾವೇ, ನಮಗೆ ಒಳ್ಳೆಯದು ಮಾಡುವಂಥದ್ದು. ಕೆಚ್ಚಲಿನಿಂದ ಹಾಲಿಗೆ ಬಂದ ಮದ್ದು ಅದನ್ನೂ ಬೆಳೆಯಗೊಡಲಿಲ್ಲ. ಕುದಿಸಿದರೆ ಹೋಗುತ್ತದೆ ಎಂದು ನಂಬಬೇಡಿ. ಎಷ್ಟು ದಿನ ಹಾಲು ಬಳಸದೆ ಬಿಡಬೇಕು ಎಂದು ಟ್ಯೂಬಿನ ಮೇಲೆ ಬರೆದಿರುತ್ತದೆ. ಅಷ್ಟು ದಿನ ಡೇರಿಗೂ ಹಾಕಬೇಡಿ, ಮಕ್ಕಳಿಗೂ ಕೊಡಬೇಡಿ.

ನಿಮ್ಮ ಕಾಗದವನ್ನು ಇಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಮೇಲೆ ಹೇಳಿದ 'ನಿಧಾನವಾಗಿ ಬಿಡುವ' ಮದ್ದು ನಿಮ್ಮ ಕೊಟ್ಟಿಗೆಗೆ ಯಾವತ್ತೋ ಬಂದಿದೆ. ಗಬ್ಬದ ಹಸುವಿನ ಹಾಲು ಬತ್ತಿಸುವಾಗ ಏರಿಸುವ ಟ್ಯೂಬೇ ಬೇರೆ. ಅದರಲ್ಲಿ ಸುಲಭವಾಗಿ ಕರಗದ ಕ್ಲಾಕ್ಸಾಸಿಲಿನ್ ಬೆಂಜಥೀನ್‌ನಂಥ ಲವಣವನ್ನು ಎಣ್ಣೆಯ ಜಿಡ್ಡಿನಲ್ಲಿ ಬೆರೆಸಿರುತ್ತಾರೆ. ಅದು ವಾರಗಟ್ಟಲೆ ಕೆಚ್ಚಲಿನಲ್ಲಿ ಉಳಿಯಲೆಂದೇ ಮಾಡಿದ್ದು. ಹಾಲು ಕರೆಯುವ ಹಸುವಿಗೆ ಗೊತ್ತಿಲ್ಲದೆ ಆ ಟ್ಯೂಬ್ ಏರಿಸಿದರೆ ಎರಡು ದಿನವಲ್ಲ, ವಾರಗಳವರೆಗೂ ಹಾಲಿನಲ್ಲಿ ಮದ್ದು ಬರಬಹುದು. ಯಾವ ಟ್ಯೂಬ್ ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಮನುಷ್ಯರಲ್ಲೂ ಇದೇ ಉಪಾಯವಿದೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಸೊಂಟಕ್ಕೆ ಚುಚ್ಚುವ ಬೆಂಜಥೀನ್ ಪೆನಿಸಿಲಿನ್ ಅದೇ ಜಾತಿ. ಅಲ್ಲಿ ದಿನಗಟ್ಟಲೆ ಕಡಿಮೆ ಪ್ರಮಾಣ ಉಳಿದರೂ ನಡೆಯುತ್ತದೆ, ಯಾಕೆಂದರೆ ಆ ಜ್ವರ ತರುವ ಗಂಟಲಿನ ಸ್ಟ್ರೆಪ್ಟೋಕಾಕಸ್ ಇಷ್ಟು ವರ್ಷವಾದರೂ ಪೆನಿಸಿಲಿನ್‌ಗೆ ಬಗ್ಗುತ್ತಲೇ ಇದೆ. ಕಾಲಿನ ಗಾಯದ ರೋಗಾಣುಗಳು ಅಷ್ಟು ಸಾಧುವಲ್ಲ. ಅದಕ್ಕೇ ಸೋರಿಕೆಯ ಬಗ್ಗೆ ನಾನು ಅಷ್ಟು ಬರೆದದ್ದು.

ನ್ಯಾನೋ ಅಂದರೆ ಅಷ್ಟು ಸಣ್ಣದು, ಗಾಯದಿಂದ ರಕ್ತಕ್ಕೆ ಸೇರಿ ಮೆದುಳಿಗೆ ಹೋಗಿಬಿಡುವುದಿಲ್ಲವೇ?
— ಓದುಗರು, ಮಧುಗಿರಿ

ಇದು ಪುಡಿಯಲ್ಲ, ಎಳೆ. ಅಡ್ಡಕ್ಕೆ ನ್ಯಾನೋ, ಉದ್ದಕ್ಕೆ ಮೀಟರುಗಟ್ಟಲೆ. ಸೀರೆಯ ಎಳೆ ತೆಳುವೆಂದು ಸೀರೆ ಚರ್ಮದೊಳಗೆ ಇಳಿಯುವುದಿಲ್ಲ. ಗಾಯದಲ್ಲೇ ಕರಗುವ ಪಿಎಲ್‌ಜಿಎ ಎಳೆ ಒಡೆದು ಲ್ಯಾಕ್ಟಿಕ್ ಆಮ್ಲ, ಗ್ಲೈಕಾಲಿಕ್ ಆಮ್ಲವಾಗುತ್ತದೆ. ಆಪರೇಶನ್ನಿನ ಕರಗುವ ಹೊಲಿಗೆ ದಾರದಲ್ಲಿ ಇದೇ ಕುಲದ ಪಾಲಿಮರ್ ದಶಕಗಳಿಂದ ಬಳಕೆಯಲ್ಲಿದೆ. ನೀವು ಚಿಂತಿಸಬೇಕಾದ್ದು ಎಳೆಯಲ್ಲಿ ದ್ರಾವಕ ಉಳಿದಿದೆಯೇ ಎಂಬುದನ್ನು, ಮತ್ತೆ ಆ ಮದ್ದು ನಿಮಗೆ ಒಗ್ಗದೇ ಅಲರ್ಜಿಯಾಗುತ್ತದೆಯೇ ಎಂಬುದನ್ನು.

ಅಕ್ಕ, ನಾವು ಶಿಡ್ಲಘಟ್ಟದಲ್ಲಿ ಮೂರು ತಲೆಮಾರಿನಿಂದ ನೂಲು ಬಿಚ್ಚುವವರು. ರೇಷ್ಮೆಯಿಂದಲೂ ಇಂಥ ಮದ್ದಿನ ಪಟ್ಟಿ ಮಾಡುತ್ತಾರೆ ಅಂತ ಕೇಳಿದೆ. ಹೌದಾ? ಹಾಗಾದರೆ ನಮ್ಮ ವೇಸ್ಟಿಗೆ ಬೆಲೆ ಬರುತ್ತಾ?
— ರೀಲರ್, ಶಿಡ್ಲಘಟ್ಟ

ಹೌದು ತಮ್ಮಾ. ಈ ಉತ್ತರವನ್ನು ನಾನು ಬಹಳ ಪ್ರೀತಿಯಿಂದ ಬರೆಯುತ್ತಿದ್ದೇನೆ.

ಗೂಡಿನ ಎಳೆಯಲ್ಲಿ ಎರಡು ಭಾಗ. ಒಳಗೆ ಫೈಬ್ರಾಯಿನ್, ಹೊರಗೆ ಸೆರಿಸಿನ್ ಎಂಬ ಅಂಟು. ಬೇಸಿನ್ನಿನ ಬಿಸಿನೀರಿನಲ್ಲಿ ನೀವು ಮೆದು ಮಾಡುವುದು ಈ ಅಂಟನ್ನೇ. ತೂಕದಲ್ಲಿ ಅದು ಹೆಚ್ಚುಕಡಿಮೆ ಕಾಲುಭಾಗ. ಪ್ರಯೋಗಾಲಯದಲ್ಲಿ ಗೂಡು ಕತ್ತರಿಸಿ ಹುಳು ತೆಗೆದು, ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಸುಮಾರು ಅರ್ಧ ಗಂಟೆ ಕುದಿಸಿ ಅಂಟನ್ನು ಪೂರಾ ತೆಗೆಯುತ್ತಾರೆ. ಉಳಿದ ಬಿಳಿ ನಾರನ್ನು ಲಿಥಿಯಂ ಬ್ರೋಮೈಡ್‌ನ ಗಾಢ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಟ್ಟರೆ ಅದು ಜೇನಿನ ಬಣ್ಣದ ದ್ರವವಾಗುತ್ತದೆ. ಉಪ್ಪನ್ನು ಎರಡು ದಿನ ನೀರಿನಲ್ಲಿ ತೊಳೆದು ತೆಗೆದರೆ, ಹುಳುವಿನ ಹೊಟ್ಟೆಯಲ್ಲಿದ್ದ ಸ್ಥಿತಿಯ ಹತ್ತಿರಕ್ಕೆ ರೇಷ್ಮೆ ವಾಪಸು ಬಂದಂತೆ. ಅದಕ್ಕೆ ಮದ್ದು ಬೆರೆಸಿ, ಸೂಜಿಗೆ ಹಾಕಿ, ಮತ್ತೆ ಎಳೆ ತೆಗೆಯುತ್ತಾರೆ.

ಹಾಗೆ ತೆಗೆದ ಹೊಸ ಎಳೆ ನೀರು ಸೋಕಿದರೆ ಕರಗುತ್ತದೆ. ಮೆಥನಾಲ್ ಅಥವಾ ಎಥನಾಲ್‌ನಲ್ಲಿ ಅದ್ದಿದರೆ ಒಳಗಿನ ಸರಪಣಿಗಳು ಒತ್ತೊತ್ತಾಗಿ ಮಡಚಿಕೊಂಡು ಗಟ್ಟಿಯಾಗುತ್ತವೆ, ಆಮೇಲೆ ನೀರಿಗೆ ಬಗ್ಗುವುದಿಲ್ಲ. ಎಷ್ಟು ಹೊತ್ತು ಅದ್ದಿದರು ಎಂಬುದರಿಂದ ಮದ್ದು ಬಿಡುವ ವೇಗವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ರೇಷ್ಮೆಯನ್ನು ಕರಗಿಸುವುದು, ಮದ್ದು ಬೆರೆಸುವುದು ನೀರಿನಲ್ಲೇ ಆಗುವುದರಿಂದ ಕ್ಲೋರೋಫಾರ್ಮ್ ಉಳಿಯುವ ಭಯ ತಪ್ಪಿಸಬಹುದು. ಮನುಷ್ಯನ ಮೈಗೆ ರೇಷ್ಮೆ ಹೊಸತೂ ಅಲ್ಲ. ಗಾಯ ಹೊಲಿಯುವ ದಾರವಾಗಿ ಬಹುಕಾಲದಿಂದ ಇದೆ.

ಬೆಲೆಯ ವಿಷಯದಲ್ಲಿ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಒಂದು ಪಟ್ಟಿಗೆ ಬೇಕಾಗುವ ರೇಷ್ಮೆ ಒಂದು ಗ್ರಾಂ ಕೂಡ ಅಲ್ಲ. ಮಾರುಕಟ್ಟೆಯಲ್ಲಿ ನಿಮ್ಮ ವೇಸ್ಟಿನ ದರ ಇದರಿಂದ ಏರುವುದಿಲ್ಲ. ಆದರೆ ಕರಗಿಸಿಯೇ ಬಳಸುವುದರಿಂದ ಎಳೆ ತುಂಡಾಗಿದ್ದರೂ ನಡೆಯುತ್ತದೆ. ಚಿಟ್ಟೆ ಕೊರೆದು ತೂತಾದ ಗೂಡು, ಬಿಚ್ಚಲಾಗದ ಜೋಡಿ ಗೂಡು, ಬೇಸಿನ್ನಿನಲ್ಲಿ ಉಳಿದ ತುಣುಕು, ಯಾವುದಾದರೂ ಆಗಬಹುದು. ಎಣ್ಣೆ ಜಿಡ್ಡು, ಬಣ್ಣ ತಾಗಿರಬಾರದು ಅಷ್ಟೇ.

ಮೇಲೆ ಬರೆದಿರುವ ಚಿಂತಾಮಣಿಯ ಹುಡುಗಿ ಪಾಲಿಕ್ಯಾಪ್ರೋಲ್ಯಾಕ್ಟೋನ್ ಕೊಂಡು ತಂದು ಕೆಲಸ ಮಾಡುತ್ತಿದ್ದಾಳೆ. ಅವಳೂರಿಗೂ ನಿಮ್ಮೂರಿಗೂ ಬಸ್ಸಿನಲ್ಲಿ ಗಂಟೆಯ ದಾರಿಯೂ ಇಲ್ಲ. ಒಳಗಿನ ಪೊರೆ ತೆಗೆದು ಒಣಗಿಸಿದ ಅರ್ಧ ಕೆ.ಜಿ. ತೂತು ಗೂಡು ಕೊಡುವುದಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಅವಳ ವಿಭಾಗದ ಮುಖ್ಯಸ್ಥರಿಗೆ ನಾನು ಬರೆಯುತ್ತೇನೆ. ಗೂಡು ಯಾವ ತಳಿಯದು, ಸಿಬಿಯೋ (ಮಿಶ್ರತಳಿ) ಬೈವೋಲ್ಟೈನೋ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಎಂದು ಚೀಲದ ಮೇಲೆ ಬರೆದಿರಲಿ, ಅವಳ ದಾಖಲೆಗೆ ಅದು ಬೇಕಾಗುತ್ತದೆ.